ಕ್ಯಾಂಡಿಯ ಬೆಟ್ಟದಿಂದ ಬ್ಯಾಡಗಿಯ ಹಿತ್ತಲಿಗೆ

ಬ್ಯಾಡಗಿ ಸ್ಟೇಷನ್

ಶ್ರೀಲಂಕೆಗೆ ಹೋಗಬೇಕೆಂದು ಆಸೆಪಟ್ಟವಳು ನಾನಲ್ಲ, ನನ್ನ ವೈನಿಯೂ ಅಲ್ಲ. ಆಸೆಪಟ್ಟವನು ವೈನಿಯ ಗಂಡ, ನನ್ನ ಅಣ್ಣ. ಬ್ಯಾಡಗಿಯಲ್ಲಿ ಟೇಲರ್ ಆಗಿದ್ದ ಅವನಿಗೆ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದೇ ಕಷ್ಟವಾದ ಮೇಲೆ ಅಂಗಡಿ ಮುಚ್ಚಿ ಮನೆಯ ಹಿತ್ತಲಿಗೆ ಇಳಿದಿದ್ದ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತ. ಔಷಧಿ ಹೊಡೆಯುವುದಿಲ್ಲ, ಅಂಗಡಿಯ ಸರಕಾರಿ ಗೊಬ್ಬರ ಹಾಕುವುದಿಲ್ಲ, ಉದುರಿದ ಎಲೆ ಗುಡಿಸುವುದಿಲ್ಲ ಎಂದು ಹಟ ಹಿಡಿದ. ಹಳೆಯ ನುಗ್ಗೆ ಮರದ ಸುತ್ತ ಪಪ್ಪಾಯಿ, ಅದರ ನೆರಳಿಗೆ ಬಾಳೆ, ಬಾಳೆಯ ಬುಡಕ್ಕೆ ಅರಿಷಿಣ, ಎಲ್ಲದರ ಮೇಲೆ ಹಬ್ಬುವ ಅವರೆಬಳ್ಳಿ. ಓಣಿಯವರು ನೋಡಿ, ಟೇಲರ್ ಮನೆಯ ಹಿತ್ತಲ ಕಾಡಾಗಿದೆ ಎನ್ನುತ್ತಿದ್ದರು. ಆದರೆ ಆ ಕಾಡಿನಿಂದ ವೈನಿಯ ಅಡಿಗೆ ಮನೆಗೆ ಪಲ್ಲೆ ತಪ್ಪಿದ ದಿನವಿರಲಿಲ್ಲ.

ಹೀಗೆ ಮನೆಯಲ್ಲೇ ಬೆಳೆಯುವ ಹತ್ತಾರು ಮಂದಿ ರಾಣೇಬೆನ್ನೂರಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಕ್ಯಾಂಡಿಯ ಸುತ್ತಲ ಹಳ್ಳಿಗಳಲ್ಲಿ ತಲೆತಲಾಂತರದಿಂದ ಮನೆಗೊಂದು ಕಾಡಿನಂಥ ತೋಟ ಬೆಳೆಸುತ್ತಾರೆ, ಹೋಗಿ ನೋಡಿ ಬರೋಣ ಎಂದು ಅವರು ಮಾತಾಡಿಕೊಂಡಾಗ ಅಣ್ಣ ತನ್ನ ಮತ್ತು ವೈನಿಯ ಹೆಸರು ಬರೆಸಿ ಬಂದ. ಹೊರಡುವ ಮುಂಚೆಯೇ, ಒಂದು ಮುಂಜಾನೆ, ನುಗ್ಗೆ ಮರದ ಕೆಳಗೆ ನೀರಿನ ಪೈಪು ಹಿಡಿದು ನಿಂತವನು ಕುಸಿದು ಬಿದ್ದ. ಜನ ಬರುವಷ್ಟರಲ್ಲಿ ಮುಗಿದಿತ್ತು.

ಅಂದಿನಿಂದ ವೈನಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದಳು. ಬಾಳೆ ಒಣಗಿತು, ಪಪ್ಪಾಯಿ ಹಣ್ಣು ಹಕ್ಕಿ ಪಾಲಾಯಿತು. ನಮ್ಮ ತಮ್ಮನ ಮಗ ವೀರೇಶ ಬ್ಯಾಡಗಿಯಲ್ಲೇ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾನೆ. ಅವನು ಒಂದು ದಿನ ನನ್ನೆದುರಿಗೇ ಕೇಳಿದ:

"ದೊಡ್ಡವ್ವ, ಹಿತ್ತಲ ಸುಮ್ನ ಹಾಳು ಬಿದ್ದೈತಿ. ಸಿಮೆಂಟ್ ಹಾಕಿಸಿ ಮೆಣಸಿನಕಾಯಿ ಒಣಗಿಸಾಕ ಕಣಾ ಮಾಡ್ಕೊಳ್ಳೇನು?"

"ನಿನಗ ಹ್ಯಾಂಗ ಬೇಕೋ ಹಂಗ ಮಾಡ್ಕೋಪಾ," ಎಂದಳು ವೈನಿ, ಅವನ ಮುಖ ನೋಡದೆ.

ರಾಣೇಬೆನ್ನೂರಿನವರು ಫೋನು ಮಾಡಿ ಎರಡು ಹೆಸರು ಇವೆಯಲ್ಲ ಏನು ಮಾಡೋಣ ಎಂದಾಗ, ವೈನಿ ಬೇಡವೆನ್ನುತ್ತಾಳೆಂದೇ ನಾನು ತಿಳಿದಿದ್ದೆ. ಆಕೆ, "ಅವರು ಬರಿಸಿದ ಹೆಸರು. ಅಳಿಸೂದು ಬ್ಯಾಡ. ಅವರ ಬದ್ಲಿ ನೀ ಬಾ ಶಾಂತಾ," ಎಂದಳು.

ನಾನು ಹಾವೇರಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ರಜೆ ಹಾಕಿ ಹಾವೇರಿಯಲ್ಲಿ ರೈಲು ಹತ್ತಿದೆ. ಬ್ಯಾಡಗಿಯಲ್ಲಿ ವೈನಿ ಹತ್ತಿದಳು, ಕೈಯಲ್ಲಿ ಖಡಕ್ ರೊಟ್ಟಿಯ ಗಂಟು. ಉಳಿದವರೆಲ್ಲ ರಾಣೇಬೆನ್ನೂರಿನಲ್ಲಿ ಕೂಡಿಕೊಂಡರು. ಗುಂಪಿನವರು ಗೊಬ್ಬರ, ಹುಳು, ಬಳ್ಳಿ ಎಂದು ಮಾತಾಡುತ್ತಿದ್ದರೆ ಆಕೆ ಬೆಂಗಳೂರು ಬರುವತನಕ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕೊಲಂಬೊ

ವಿಮಾನದಿಂದ ಇಳಿದು ಹೊರಬರುವ ದಾರಿಯಲ್ಲಿ ಖಾಕಿ ಬಣ್ಣದ ಸೀರೆಯುಟ್ಟ ಅಧಿಕಾರಿಯೊಬ್ಬಳು ವೈನಿಯ ಚೀಲ ಬಿಚ್ಚಿಸಿದಳು. ರೊಟ್ಟಿ ಬಂತು, ಶೇಂಗಾ ಚಟ್ನಿ ಬಂತು. ಅವುಗಳ ಕೆಳಗೆ, ನನಗೂ ಹೇಳದೆ ಇಟ್ಟುಕೊಂಡಿದ್ದ ಪುಟ್ಟ ಪುಟ್ಟ ಬಟ್ಟೆಯ ಚೀಲಗಳು ಬಂದವು. ಬ್ಲೌಸು ಹೊಲಿದು ಉಳಿದ ತುಂಡುಗಳಿಂದ ಅಣ್ಣ ಹೊಲಿದ ಚೀಲಗಳವು. ಒಂದರಲ್ಲಿ ಅವರೆ, ಒಂದರಲ್ಲಿ ಹೀರೆ, ಒಂದರಲ್ಲಿ ಹರಿವೆ, ಒಂದರಲ್ಲಿ ಮೆಣಸಿನ ಬೀಜ.

ಬೀಜವನ್ನು ಒಳಗೆ ಬಿಡುವ ಹಾಗಿಲ್ಲ ಎಂದಳು ಅಧಿಕಾರಿ. ಸಿಟ್ಟಿನಿಂದ ಹೇಳಲಿಲ್ಲ. ನಾನು ಇಂಗ್ಲಿಷಿನಲ್ಲಿ ಬೇಡಿಕೊಂಡೆ, ತೀರಿಕೊಂಡವರು ಉಳಿಸಿದ ಬೀಜ ಎಂದೆ. ಆಕೆ ತಲೆ ತಗ್ಗಿಸಿದಳು, ಆದರೆ ಬಿಡಲಿಲ್ಲ.

"ಏನಂತಾಳ?" ಎಂದಳು ವೈನಿ.

"ಬೀಜದ ಕೂಡ ರೋಗ ಬರ್ತಾವಂತ್ರಿ. ಹೊರಗಿನ ಬೀಜ ಒಳಗ ಬಿಡಂಗಿಲ್ಲಂತ."

ವೈನಿ ಸ್ವಲ್ಪ ಯೋಚಿಸಿದಳು. "ಖರೇ ಅದ. ಅವರ ನೆಲಾ ಅವರು ಕಾಯಬೇಕು. ಚೀಲಾ ಅಷ್ಟ ಕೊಡ್ತಾಳೇನು ಕೇಳು."

ಅಧಿಕಾರಿ ಒಪ್ಪಿದಳು. ವೈನಿ ಒಂದೊಂದೇ ಚೀಲವನ್ನು ಆಕೆ ಹಿಡಿದ ಪ್ಲಾಸ್ಟಿಕ್ ಕವರಿಗೆ ಸುರಿದು, ಕೊಡವಿ, ಖಾಲಿ ಬಟ್ಟೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ:

"ಮನ್ಯಾಗ ಒಂದೀಟರ ಉಳಿಸಿ ಬಂದೀರೇನ್ರಿ ವೈನಿ?"

"ಇಲ್ಲ. ನಾ ಹಿತ್ತಲಿಗೆ ಹೋಗಂಗಿಲ್ಲ, ಇಟ್ಕೊಂಡು ಏನ್ ಮಾಡ್ಲಿ? ಬಿತ್ತೋರ ಕೈಯಾಗ ಕೊಡೂಣಂತ ಎಲ್ಲಾ ತಂದಿದ್ದೆ."

ಕ್ಯಾಂಡಿಯ ದಾರಿ

ನಾವು ಹೋದ ದಿನ ಹುಣ್ಣಿಮೆ. ದಾರಿಯುದ್ದಕ್ಕೂ ಬಿಳಿ ಸೀರೆಯ ಹೆಂಗಸರು, ಬಿಳಿ ಅಂಗಿಯ ಮುದುಕರು, ಬಿಳಿ ಫ್ರಾಕಿನ ಮಕ್ಕಳು ಹೂವು ಹಿಡಿದು ನಡೆಯುತ್ತಿದ್ದರು. ವೈನಿ ನನ್ನ ಮೊಣಕೈ ಮುಟ್ಟಿ, "ಯಾರು ತೀರ್ಕೊಂಡಾರ?" ಎಂದಳು. ಬಸ್ಸಿನ ಕಂಡಕ್ಟರನನ್ನು ಕೇಳಿದೆ. ಹುಣ್ಣಿಮೆಗೆ ಎಲ್ಲರೂ ಬಿಳಿಯುಟ್ಟು ದೇವಸ್ಥಾನಕ್ಕೆ ಹೋಗುತ್ತಾರೆ, ಯಾರೂ ತೀರಿಕೊಂಡಿಲ್ಲ ಎಂದ. ವೈನಿ ಆ ಬಿಳಿ ಸಾಲು ಮರೆಯಾಗುವವರೆಗೂ ತಿರುಗಿ ತಿರುಗಿ ನೋಡಿದಳು.

ಊಟದ ಪಜೀತಿ ಬೇರೆ. ಇಲ್ಲಿ ಸೊಪ್ಪಿಗೂ ಒಣಮೀನಿನ ಪುಡಿ ಉದುರಿಸುತ್ತಾರೆ, ತೆಂಗಿನ ಚಟ್ನಿಗೂ ಉದುರಿಸುತ್ತಾರೆ. ಅದಿಲ್ಲದ ಪಲ್ಲೆಯೂ ಒಂದು ಪಲ್ಲೆಯೇ ಎಂದು ಅವರಿಗೆ ಆಶ್ಚರ್ಯ. ಮೊದಲ ದಿನ ವೈನಿ ರೊಟ್ಟಿಯ ಗಂಟು ಬಿಚ್ಚಿ ಚಟ್ನಿಯೊಂದಿಗೆ ಉಂಡಳು. ಪಕ್ಕದ ಸೀಟಿನ ಹೆಂಗಸು ಆ ತೆಳ್ಳನೆಯ ಗರಿಗರಿ ರೊಟ್ಟಿಯನ್ನು ಕೌತುಕದಿಂದ ನೋಡಿದಾಗ ಒಂದನ್ನು ಮುರಿದು ಕೊಟ್ಟಳು. ಆ ಹೆಂಗಸು ಚಟ್ನಿ ನಾಲಗೆಗೆ ತಾಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡು, "ಅಕ್ಕಾ," ಎಂದಳು. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ ಎಂದೇ ಹೇಳುತ್ತಾರೆಂದು ತಿಳಿದದ್ದು ಆಗಲೇ. ಲಂಕೆಯವರ ಬಾಯಲ್ಲಿ ವೈನಿಗೆ ತಾನಾಗಿ ಅರ್ಥವಾದ ಮೊದಲ ಮಾತು ಅದು.

ಶ್ರೀಯಾನಿಯ ಹಳ್ಳಿ

ಕ್ಯಾಂಡಿಯ ಆಚೆಗೆ, ಬೆಟ್ಟದ ಇಳಿಜಾರಿನ ಒಂದು ಹಳ್ಳಿಯಲ್ಲಿ ನಮ್ಮ ಗುಂಪನ್ನು ಮನೆಗಿಬ್ಬರಂತೆ ಹಂಚಿದರು. ನಾವಿಬ್ಬರೂ ಶ್ರೀಯಾನಿ ಎಂಬ ಹೆಂಗಸಿನ ಮನೆಗೆ ಹೋದೆವು. ವೈನಿಯದೇ ವಯಸ್ಸು. ಸಿಂಹಳ ಬಿಟ್ಟರೆ ಬೇರೆ ಮಾತು ಬಾರದು. ಆಕೆಯ ಮಗಳು ದಿಲಿನಿ ನನ್ನ ಹಾಗೇ ಶಾಲೆಯಲ್ಲಿ ಕಲಿಸುವವಳು, ಇಂಗ್ಲಿಷ್ ಬಲ್ಲವಳು. ಹೀಗಾಗಿ ನಮ್ಮ ನಡುವಿನ ಪ್ರತಿ ಮಾತೂ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಸಿಂಹಳಕ್ಕೆ ಹೋಗಿ, ಅದೇ ದಾರಿಯಲ್ಲಿ ವಾಪಸು ಬರಬೇಕಾಗಿತ್ತು.

ಮೊದಲು ನೆರೆಹೊರೆಯ ತೋಟಗಳನ್ನು ತೋರಿಸಿದರು. ಮನೆ ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ತಿಳಿಯದು. ಎಲ್ಲಕ್ಕಿಂತ ಮೇಲೆ ತೆಂಗು, ಅದರ ಕೆಳಗೆ ಹಲಸು, ಹಲಸಿನ ಮೈಗೆ ಕಾಳುಮೆಣಸಿನ ಬಳ್ಳಿ, ನೆರಳಿನಲ್ಲಿ ಕಾಫಿ, ಬಾಳೆ, ಕಾಲಡಿಗೆ ಶುಂಠಿ, ಕೆಸು, ಒಂದೆಲಗ. ನಮ್ಮಲ್ಲಿ ಅಂಗಳವನ್ನು ಮುಂಜಾನೆದ್ದು ಗುಡಿಸಿ, ಎಲೆ ಗುಡ್ಡೆ ಹಾಕಿ ಬೆಂಕಿ ಕೊಡುವುದೇ ಅಚ್ಚುಕಟ್ಟುತನ. ಇಲ್ಲಿ ಬಿದ್ದ ಎಲೆಯನ್ನು ಗಿಡದ ಬುಡಕ್ಕೆ ಕಾಲಿನಿಂದ ಸರಿಸಿ ಮುಂದೆ ಹೋಗುತ್ತಾರೆ. ವೈನಿ ಬಗ್ಗಿ ನೋಡಿ, "ನೆಲಾ ಎಲ್ಲೈತಿ ಇಲ್ಲಿ?" ಎಂದಳು. ಎಲೆಯ ಹಾಸಿನ ಕೆಳಗೆ ಕೈ ಹಾಕಿದಾಗ ಕಪ್ಪಗಿನ, ತಣ್ಣನೆಯ ಮಣ್ಣು ಸಿಕ್ಕಿತು. ಅಣ್ಣ ಇದನ್ನೇ ಬ್ಯಾಡಗಿಯ ಬಿಸಿಲಿನಲ್ಲಿ ಮಾಡಹೊರಟಿದ್ದ ಎಂದು ನನಗೆ ಆಗ ತಿಳಿಯಿತು. ವೈನಿ ಮಣ್ಣನ್ನು ಮೂಸಿದಳು.

ಕೊನೆಗೆ ಶ್ರೀಯಾನಿಯ ತೋಟಕ್ಕೆ ಹೋದೆವು. ಅದು ಮನೆಯ ಹಿಂದಿರಲಿಲ್ಲ. ಆಕೆ ಈಗಿರುವುದು ಬಾಡಿಗೆಯ ಮನೆ. ರಸ್ತೆ ದಾಟಿ ಮೇಲಕ್ಕೆ ಹತ್ತಿದರೆ ಒಂದು ಪಕ್ಕದಲ್ಲಿ ಉಳಿದವರ ತೋಟದಂಥದೇ ಹಸಿರು. ಇನ್ನೊಂದು ಪಕ್ಕದಲ್ಲಿ ಬೆಟ್ಟದ ಚರ್ಮ ಸುಲಿದ ಹಾಗೆ ಕೆಂಪು ಮಣ್ಣು, ಬಂಡೆ. ಕೆಲವು ವರ್ಷದ ಹಿಂದೆ, ಬಿಡದೆ ಮಳೆ ಸುರಿದ ಒಂದು ದಿನ ಗುಡ್ಡ ಜಾರಿ ಮನೆಯ ಮೇಲೆ ಬಂದಿತ್ತು. ಶ್ರೀಯಾನಿ ಅಂದು ತಂಗಿಯ ಊರಿಗೆ ಹೋಗಿದ್ದಳು, ದಿಲಿನಿ ಶಾಲೆಯಲ್ಲಿದ್ದಳು. ಗಂಡ ಮನೆಯಲ್ಲಿದ್ದ.

"ಅಪ್ಪ ಸಿಗಲಿಲ್ಲ," ಎಂದಳು ದಿಲಿನಿ. "ಬಹಳ ದಿನ ಅಗೆದರು. ಮತ್ತೆ ಜಾರಬಹುದೆಂದು ನಿಲ್ಲಿಸಿದರು."

ನಾನು ಕನ್ನಡದಲ್ಲಿ ಹೇಳಿದೆ. ವೈನಿ ಸೆರಗು ತಲೆಯ ಮೇಲೆಳೆದುಕೊಂಡು ಆ ಕೆಂಪು ಮಣ್ಣಿಗೆ ಕೈ ಮುಗಿದಳು. ಮುಗಿದ ಕೈ ಇಳಿಸುವಾಗ ಕಂಡಿತು: ಆ ಮಣ್ಣಿನ ಮೇಲೆ ಅಡ್ಡಡ್ಡಲಾಗಿ ಗಿಡ ನೆಟ್ಟಿದ್ದರು.

ಕೆಂಪು ಮಣ್ಣು

ಇಲ್ಲಿ ಮನೆ ಕಟ್ಟಕೂಡದು ಎಂದಿದ್ದಾರೆ, ಬೇರು ಬಿಡುವ ಗಿಡ ನೆಡಬೇಡಿ ಎಂದು ಯಾರೂ ಹೇಳಿಲ್ಲ ಎಂದಳು ಶ್ರೀಯಾನಿ. ಮೊದಲು ಇಳಿಜಾರಿಗೆ ಅಡ್ಡವಾಗಿ ಕಲ್ಲು ಜೋಡಿಸಿದ್ದಾಳೆ. ಕಲ್ಲಿನ ಸಾಲಿಗೆ ಗೊಬ್ಬರದ ಗಿಡದ ಕೊಂಬೆ ನೆಟ್ಟಿದ್ದಾಳೆ, ಅದು ಎಂಥ ಮಣ್ಣಿನಲ್ಲೂ ಚಿಗುರುತ್ತದೆ. ಅದರ ಸೊಪ್ಪು ಕಡಿದು ಕಡಿದು ಅಲ್ಲೇ ಹಾಸುತ್ತಾಳೆ. ಮೊದಲ ವರ್ಷ ಹಾಸಿದ್ದೆಲ್ಲ ಮಳೆಗೆ ಕೊಚ್ಚಿಹೋಯಿತು. ಆಮೇಲೆ ನಿಂತಿತು. ಈಗ ಅಲ್ಲಲ್ಲಿ ಬಾಳೆ ಬಂದಿದೆ, ಕಲ್ಲಿನ ಸಂದಿಯಲ್ಲಿ ಒಂದೆಲಗ ಹಬ್ಬಿದೆ.

ನಾವಿದ್ದ ದಿನಗಳಲ್ಲಿ ಕೆಲಸ ಅದೇ. ಸೊಪ್ಪು ಕಡಿಯುವುದು, ಹೊರುವುದು, ಹಾಸುವುದು. ನಾನು ಮೊದಲ ದಿನವೇ ಜಾರಿ ಬಿದ್ದು ಸೀರೆಯೆಲ್ಲ ಕೆಂಪು ಮಾಡಿಕೊಂಡೆ. ಶ್ರೀಯಾನಿ ತನ್ನದೊಂದು ಲಂಗ ಕೊಟ್ಟಳು, ಅದು ನನ್ನ ಮೊಣಕಾಲಿಗಷ್ಟೇ ಬಂತು. ಹೈಸ್ಕೂಲಿನ ಮಕ್ಕಳು ನೋಡಿದ್ದರೆ ಏನೆನ್ನುತ್ತಿದ್ದರೋ. ವೈನಿ ಕೆಂಪು ಮಣ್ಣಿನ ಅಂಚಿನಲ್ಲೇ ನಿಂತು ಹೊರೆ ಕೊಡುತ್ತಿದ್ದಳು. ಒಳಗೆ ಕಾಲಿಡಲಿಲ್ಲ.

ಮಧ್ಯಾಹ್ನದ ಊಟಕ್ಕೆ ಶ್ರೀಯಾನಿ ಒಂದೆಲಗವನ್ನು ಸಣ್ಣಗೆ ಹೆಚ್ಚಿ, ತೆಂಗಿನ ತುರಿ, ಈರುಳ್ಳಿ, ಲಿಂಬೆ ಹಾಕಿ ಕಲಸಿದಳು. ನಮಗಾಗಿ ಮೀನಿನ ಪುಡಿ ಬಿಟ್ಟಿದ್ದಳು. ಎಲೆ ಎಲ್ಲಿಯದೆಂದು ವೈನಿ ಕಣ್ಣಿನಲ್ಲೇ ಕೇಳಿದಳು. ಶ್ರೀಯಾನಿ ಮೇಲಿನ ಕೆಂಪು ಮಣ್ಣಿನ ಕಡೆ ಕೈ ತೋರಿಸಿ ಏನೋ ಹೇಳಿದಳು.

ದಿಲಿನಿ ವಿವರಿಸಿದಳು: "ಊರವರು ಆ ಜಾಗದ್ದು ತಿನ್ನುವುದಿಲ್ಲ. ಕೊಟ್ಟರೆ ತೆಗೆದುಕೊಂಡು ಹೋಗಿ ದನಕ್ಕೆ ಹಾಕುತ್ತಾರೆ. ಅಮ್ಮ ಮಾತ್ರ ತಿನ್ನುತ್ತಾಳೆ. ನನಗೂ ಮೊದಲು ಆಗುತ್ತಿರಲಿಲ್ಲ."

ನನ್ನ ಕೈ ತಟ್ಟೆಯ ಮೇಲೆ ನಿಂತಿತು. ಸುಳ್ಳೇಕೆ ಹೇಳಲಿ, ನನಗೂ ತಿನ್ನುವ ಮನಸ್ಸಾಗಲಿಲ್ಲ. ವೈನಿ ಆ ಹಸಿರನ್ನು ಅನ್ನಕ್ಕೆ ಕಲಸಿದಳು. ಮೊದಲ ತುತ್ತು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿದಳು. ಆಮೇಲೆ ತಟ್ಟೆ ಮುಂದೆ ಚಾಚಿದಳು, ಇನ್ನಷ್ಟು ಹಾಕು ಎನ್ನುವ ಹಾಗೆ.

ಮಳೆಯ ಮಧ್ಯಾಹ್ನ

ಹೊರಡುವ ಹಿಂದಿನ ದಿನ ತೋಟದಲ್ಲಿದ್ದಾಗ ಮಳೆ ಬಂತು. ಕೊಯ್ದದ್ದನ್ನು ಇಡಲು ಹಾಕಿದ್ದ ತಗಡಿನ ಮಾಡಿನ ಕೆಳಗೆ ನಾಲ್ವರೂ ಸೇರಿದೆವು. ನಮ್ಮ ಕಡೆ ಮಳೆಯೆಂದರೆ ಹಿಗ್ಗು. ಶ್ರೀಯಾನಿ ಮಾತ್ರ ಮಳೆ ಬೀಳುವಷ್ಟೂ ಹೊತ್ತು ಬೆಟ್ಟದ ಮೇಲ್ತುದಿಯನ್ನೇ ನೋಡುತ್ತಿದ್ದಳು.

ವೈನಿ ಇದ್ದಕ್ಕಿದ್ದಂತೆ ಮಾತಾಡತೊಡಗಿದಳು. ನನ್ನ ಕಡೆ ತಿರುಗದೆ, ಶ್ರೀಯಾನಿಯನ್ನೇ ನೋಡುತ್ತ, ನಮ್ಮ ಕನ್ನಡದಲ್ಲಿ.

"ನಾ ಆವತ್ತು ರೊಟ್ಟಿ ಬಡ್ಯಾಕತ್ತಿದ್ದೆವ್ವ. ಅವರು ಹಿತ್ತಲದಾಗ ನೀರು ಬಿಡಾಕತ್ತಿದ್ರು. ನಡುವ ಒಂದ ಗ್ವಾಡಿ. ರೊಟ್ಟಿ ಸಪ್ಪಳದಾಗ ನನಗೇನೂ ಕೇಳಸಲಿಲ್ಲ. ಆಜೂಬಾಜೂ ಮನಿ ಜುಬೇದಾ ಮಣ್ಣಿಗೆ ಬಂದಾಗ ಅಂದ್ಳು, 'ಭಾಯಿ ನಿನ್ನ ಹೆಸರು ಹಿಡದು ನೀಲಾ, ನೀಲಾ ಅಂತ ಕರದ್ರು, ಯಾವಾಗ್ಲೂ ಕರೀತಾರಲ್ಲ, ಹಂಗ ಕರದಾರಂತ ನಾ ಸುಮ್ನ ಇದ್ದೆ' ಅಂತ. ಆಕಿಗೆ ಗ್ವಾಡಿ ಆಚೆ ಕೇಳಿಸೈತಿ. ನನಗ ಈಚೆ ಕೇಳಿಸಿಲ್ಲ. ರೊಟ್ಟಿ ಪೂರಾ ಮುಗಿಸಿ, ಒಲಿ ಆರಿಸಿ, ಉಣ್ಣಾಕ ಕರ್ಯಾಕ ಹೋದೆ."

ನಾನು ಇದನ್ನು ಕೇಳಿದ್ದು ಅದೇ ಮೊದಲು. ಸತ್ತವನು ನನ್ನ ಅಣ್ಣ. ಅವನು ಯಾರನ್ನೂ ಕರೆಯದೆ, ನೋವಿಲ್ಲದೆ ಹೋದ ಎಂದು ನಾನು ಇಷ್ಟು ದಿನ ಸಮಾಧಾನ ಹೇಳಿಕೊಂಡಿದ್ದೆ. ಎಲ್ಲರಿಗೂ ಹಾಗೆಯೇ ಹೇಳುತ್ತ ಬಂದಿದ್ದೆ, ವೈನಿಯ ಎದುರಿನಲ್ಲೂ.

"ಹೇಳು ಆಕಿಗೆ," ಎಂದಳು ವೈನಿ.

ಹೇಳಿದೆ. ರೊಟ್ಟಿ ಬಡಿಯುವುದಕ್ಕೆ ಇಂಗ್ಲಿಷಿನಲ್ಲಿ ಮಾತು ಸಿಗಲಿಲ್ಲ. ಅಂಗೈಯಿಂದ ಅಂಗೈ ತಟ್ಟಿ ತೋರಿಸಿದೆ. ದಿಲಿನಿ ತಾಯಿಗೆ ಹೇಳುವಾಗ ಅವಳೂ ಹಾಗೆಯೇ ತಟ್ಟಿದಳು. ಶ್ರೀಯಾನಿ ಕೇಳಿ ಮುಗಿಸಿ ಒಂದು ಪ್ರಶ್ನೆ ಕೇಳಿದಳು. ಅದು ಸಿಂಹಳದಿಂದ ಇಂಗ್ಲಿಷಿಗೆ ಬಂದು ನನ್ನ ಬಾಯಿಗೆ ಬಂದಾಗ ನನಗೆ ಅದನ್ನು ವೈನಿಗೆ ಹೇಳಲು ಹೆದರಿಕೆಯಾಯಿತು.

"ಕೇಳಿಸಿದ್ರ ಏನ್ ಮಾಡ್ತಿದ್ರಿ ಅಂತ ಕೇಳಾಕತ್ತಾರ್ರಿ."

ವೈನಿ ಯೋಚಿಸಲೇ ಇಲ್ಲ. ಆ ಉತ್ತರವನ್ನು ಎಷ್ಟು ಸಲ ತನ್ನೊಳಗೆ ಹೇಳಿಕೊಂಡಿದ್ದಳೋ. "ತಲಿ ತೊಡಿ ಮ್ಯಾಲ ಇಟ್ಕೋತಿದ್ದೆ. ಅವರು ಒಬ್ಬಂಟಿ ಹೋಗೂದು ತಪ್ಪತಿತ್ತು."

ಶ್ರೀಯಾನಿ ತಲೆಯಾಡಿಸಿದಳು. ಮೆಲ್ಲಗೆ ಹೇಳಿದಳು, ದಿಲಿನಿ ಮೆಲ್ಲಗೆ ತಿಳಿಸಿದಳು: "ನಾನೂ ಇರಲಿಲ್ಲ. ಇದ್ದಿದ್ದರೆ ನಾನೂ ಈ ಮಣ್ಣಿನೊಳಗಿರುತ್ತಿದ್ದೆ. ಬಹಳ ದಿನ ಅದೇ ಒಳ್ಳೆಯದಿತ್ತು ಅನಿಸಿತು. ಈಗ ದಿನಾ ಬರುತ್ತೇನೆ. ಅವರು ಎಲ್ಲಿದ್ದಾರೆಂದು ಗೊತ್ತಿಲ್ಲ, ಅದಕ್ಕೆ ಎಲ್ಲಾ ಕಡೆ ನೆಡುತ್ತೇನೆ."

ಮಳೆ ನಿಂತಿತು. ಶ್ರೀಯಾನಿ ಸೊಪ್ಪಿನ ಹೊರೆ ತಲೆಗೇರಿಸಿಕೊಂಡು ಹೊರಟಳು. ವೈನಿ ಚಪ್ಪಲಿ ಬಿಟ್ಟು, ಉಳಿದ ಹೊರೆ ಎತ್ತಿಕೊಂಡು, ಆಕೆಯ ಹಿಂದೆ ಕೆಂಪು ಮಣ್ಣಿನೊಳಗೆ ನಡೆದಳು. ಸಂಜೆಯವರೆಗೂ ಇಬ್ಬರೂ ಬಗ್ಗಿ ಹಾಸುತ್ತಲೇ ಇದ್ದರು. ನಾನೂ ದಿಲಿನಿಯೂ ಮಾಡಿನ ಕೆಳಗೆ ಕೂತಿದ್ದೆವು. ಅಲ್ಲಿ ನಮ್ಮ ಅನುವಾದ ಬೇಕಾಗಿರಲಿಲ್ಲ.

ಬ್ಯಾಡಗಿ

ಬ್ಯಾಡಗಿಯಲ್ಲಿ ನಾನೂ ಇಳಿದೆ, ವೈನಿಯನ್ನು ಮನೆ ಮುಟ್ಟಿಸಿ ಹಾವೇರಿ ಬಸ್ಸು ಹಿಡಿಯುವುದೆಂದು. ಊರೆಲ್ಲ ಮೆಣಸಿನಕಾಯಿಯ ಘಾಟು. ಮನೆಗೆ ಬಂದ ವೈನಿ ಚೀಲವನ್ನು ಕೆಳಗಿಟ್ಟು ನೇರ ಹಿತ್ತಲ ಬಾಗಿಲಿಗೆ ಹೋಗಿ ಚಿಲಕ ತೆಗೆದಳು. ನಾನು ಆಕೆಯ ಹಿಂದೆಯೇ ಇದ್ದೆ.

ಹೊರಗೆ ಸಿಮೆಂಟು. ಗೋಡೆಯಿಂದ ಗೋಡೆಯವರೆಗೆ ಬೂದು ಬಣ್ಣದ ನುಣ್ಣನೆಯ ನೆಲ, ಅದರ ಮೇಲೆ ಹಸಿ ಗೋಣಿಚೀಲ ಹಾಸಿ ನೀರು ಹೊಡೆದಿದ್ದರು. ನುಗ್ಗೆ ಮರದ ಬುಡಕ್ಕೂ ಒತ್ತಿ ಹಾಕಿದ್ದರು. ನಾವು ಬಂದ ಸುದ್ದಿ ಕೇಳಿ ವೀರೇಶ ಓಡಿಬಂದ. ಮುಖದ ತುಂಬ ಸಂತೋಷ.

"ನೀವು ಬರೂದ್ರೊಳಗ ಮುಗಸಬೇಕಂತ ಗೌಂಡಿ ಬೆನ್ನ ಹತ್ತಿ ಮಾಡಿಸೇನಿ ದೊಡ್ಡವ್ವ. ಇನ್ನ ಕಸಾ ಇಲ್ಲ, ಹುಳಾ ಇಲ್ಲ. ಆ ಕಡೆ ನೋಡಿ ನಿಮಗ ತ್ರಾಸ ಆಗೂದೂ ಬ್ಯಾಡ."

ಅವನು ಮಾಡಿದ್ದು ಪ್ರೀತಿಯಿಂದಲೇ. ಆಕೆ ಒಪ್ಪಿಯೂ ಇದ್ದಳು. ವೈನಿ ಹಸಿ ಗೋಣಿಚೀಲಗಳ ಮೇಲೆ ಹೆಜ್ಜೆಯಿಡುತ್ತ ಮರದ ತನಕ ಹೋದಳು. ಅಣ್ಣ ಹೋದ ಮೇಲೆ ಆಕೆ ಅಲ್ಲಿಗೆ ಹೋದದ್ದು ಅದೇ ಮೊದಲು. ಬುಡದ ಸಿಮೆಂಟನ್ನು ಉಗುರಿನಿಂದ ಕೆರೆದು ನೋಡಿದಳು.

"ವೀರೇಶ, ನೀ ತಪ್ಪು ಮಾಡಿಲ್ಲಪಾ. ನಾನ ಹೂಂ ಅಂದಿದ್ದೆ. ಆದ್ರ ಇದನ್ನ ಒಡಿಬೇಕು."

"ಒಡ್ಯೂದಾ? ಇನ್ನ ಹಸೀ ಐತಿ ದೊಡ್ಡವ್ವ."

"ಅದಕ್ಕ ಹೇಳಾಕತ್ತೇನಿ. ಗಟ್ಟಿ ಆಗೂದ್ರೊಳಗ ಒಡಿಬೇಕು. ಅರ್ಧಾ ನಿನಗಿರಲಿ, ಒಣಗಿಸ್ಕೋ. ಮರದ ಕಡೆ ಅರ್ಧಾ ನನಗ ಬೇಕು."

ವೀರೇಶ ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಗಲಿಬಿಲಿ. ವೈನಿ ಮೂಲೆಯಲ್ಲಿದ್ದ ಹಾರೆಯನ್ನು ತಾನೇ ಎತ್ತಿಕೊಂಡು ಮರದ ಬುಡಕ್ಕೆ ಹಾಕಿದಳು. ಎರಡನೆಯ ಏಟಿಗೆ ಅವನು ಮುಂದೆ ಬಂದು ಅವಳ ಕೈಯಿಂದ ಹಾರೆ ತೆಗೆದುಕೊಂಡ. "ಈ ಕಡೆ ಸರೀರಿ ದೊಡ್ಡವ್ವ, ಕಾಲಮ್ಯಾಲ ಬೀಳತೈತಿ," ಎಂದು ಮಾತ್ರ ಹೇಳಿ ಒಡೆಯತೊಡಗಿದ.

ನಾನು ಆ ದಿನ ಹಾವೇರಿಗೆ ಹೋಗಲಿಲ್ಲ.

ಆಮೇಲಿನದೆಲ್ಲ ಸಲೀಸಾಗಿ ನಡೆಯಿತೆಂದು ಹೇಳಲಾರೆ. ಕ್ಯಾಂಡಿಯಲ್ಲಿ ನೋಡಿದ್ದೆಂದು ಹಲಸಿನ ಸಸಿ, ಕಾಳುಮೆಣಸಿನ ಬಳ್ಳಿ ತರಿಸಿ ನೆಟ್ಟೆವು, ಬ್ಯಾಡಗಿಯ ಬೇಸಿಗೆಗೆ ಎರಡೂ ಸುಟ್ಟುಹೋದವು. ಸಿಮೆಂಟಿನ ಕೆಳಗೆ ಸಿಕ್ಕ ಮಣ್ಣು ಕಲ್ಲಿನಂತಾಗಿತ್ತು. ವೈನಿ ಓಣಿಯವರು ಗುಡಿಸಿ ಸುಡುವ ಎಲೆಯನ್ನೆಲ್ಲ ಬೇಡಿ ತಂದು ಹಾಸಿದಳು. ಜುಬೇದಾ ತನ್ನ ಹಿತ್ತಲ ನುಗ್ಗೆಯ, ಬೇವಿನ ಸೊಪ್ಪನ್ನು ಗೋಡೆಯ ಮೇಲಿಂದ ಸುರಿದಳು, ತನ್ನಲ್ಲಿದ್ದ ಅವರೆಬೀಜವನ್ನೂ ಕೊಟ್ಟಳು. ಬಚ್ಚಲ ನೀರು ಹರಿಯುವ ದಾರಿಗೆ ಬಾಳೆ ಇಟ್ಟರು, ಅದು ನಿಂತಿತು. ಬಸಳೆ ಬಂತು, ಪಪ್ಪಾಯಿ ತಾನಾಗಿ ಹುಟ್ಟಿತು. ಉಳಿದರ್ಧದಲ್ಲಿ ವೀರೇಶನ ಮೆಣಸಿನಕಾಯಿ ಒಣಗುತ್ತವೆ. ಗಾಳಿ ಬೀಸಿದರೆ ಘಾಟಿಗೆ ವೈನಿಯೂ ಅವನೂ ಇಬ್ಬರೂ ಸೀನುತ್ತಾರೆ.

ನಾವು ಊರಿಗೆ ಮರಳಿದ ಮರುದಿನವೇ, ಸಿಮೆಂಟು ಒಡೆಯುವ ಕೆಲಸ ಮುಗಿಸಲು ಬಂದ ಗೌಂಡಿಯನ್ನು ವೈನಿ ಹಾಗೇ ಕಳಿಸಲಿಲ್ಲ. ಅಡಿಗೆ ಮನೆಯೊಳಗೆ ಕರೆದುಕೊಂಡು ಹೋಗಿ, ಒಲೆಯ ಎದುರಿನ, ಹಿತ್ತಲ ಕಡೆಯ ಗೋಡೆಯ ಮೇಲೆ ಅಂಗೈಯಿಟ್ಟು, "ಇಲ್ಲೊಂದು ಖಿಡಕಿ ಬೇಕು," ಎಂದಳು.

"ಎಷ್ಟ್ ದೊಡ್ಡದು ಮಾಡ್ಲಿರಿ ಅವ್ವಾರ?" ಎಂದ ಗೌಂಡಿ.

ವೈನಿ ಒಲೆಯ ಮುಂದೆ, ರೊಟ್ಟಿ ಬಡಿಯಲು ಕೂರುವ ಜಾಗದಲ್ಲಿ ಕುಳಿತಳು. ತನ್ನ ಕಣ್ಣಿನ ಎತ್ತರ ಅವನಿಗೆ ಕೈಯಲ್ಲಿ ತೋರಿಸಿದಳು.

"ಇಲ್ಲಿ ಕುಂತ್ರ ಮರದ ಬುಡಾ ಕಾಣಬೇಕು," ಎಂದಳು. "ಅಲ್ಲಿ ಯಾರರ ಕರದ್ರ ಇಲ್ಲಿ ಕೇಳಸಬೇಕು. ಅಷ್ಟು."